ಖಾರ ಹತ್ತದ ಕಣ್ಣು

ಬೇಸಿಗೆ ಬಂತೆಂದರೆ ದಾಂಡೇಲಿಯ ನಮ್ಮ ಓಣಿಯವರಿಗೆಲ್ಲ ಸೀನು ಶುರುವಾಗುತ್ತಿತ್ತು. ವರ್ಷದ ಖಾರಪುಡಿ ಮಾಡಿಸಿಕೊಳ್ಳಲು ಹೆಂಗಸರು ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಚೀಲ ಹಿಡಿದು ನನ್ನ ಗಿರಣಿಗೆ ಬರುತ್ತಿದ್ದರು. ಚೀಲ ಒಳಗಿಟ್ಟವರು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ರಸ್ತೆಯ ಆಚೆ ಬದಿಗೆ ಓಡುತ್ತಿದ್ದರು. ಒಳಗೆ ಉಳಿಯುತ್ತಿದ್ದವಳು ನಾನೊಬ್ಬಳೇ. ಇಪ್ಪತ್ತು ವರ್ಷ ಆ ಧೂಳಿನಲ್ಲಿ ನಿಂತು ಅತ್ತಿದ್ದೇನೆ. ದುಃಖಕ್ಕಲ್ಲ, ಖಾರಕ್ಕೆ. ರಾತ್ರಿ ತಣ್ಣೀರು ಬಟ್ಟೆ ಕಣ್ಣ ಮೇಲೆ ಹಾಕಿಕೊಂಡೇ ಮಲಗುತ್ತಿದ್ದೆ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಕಣ್ಣೀರು ಬರಲಿಲ್ಲ. ಕಣ್ಣು ಉರಿಯಲೂ ಇಲ್ಲ.

"ಸುಮಿತ್ರಕ್ಕಾ, ನಿನ್ನ ಕಣ್ಣೇನು ಕಲ್ಲಿನವ ಅದಾವನ?" ಎಂದು ಪಕ್ಕದ ಮನೆಯಾಕೆ ಬಾಗಿಲಾಚೆಯಿಂದ ಕೂಗಿ ಕೇಳಿದಳು.

"ಇಪ್ಪತ್ತು ವರ್ಷ ಆತವ್ವ, ಈಗ ಖಾರಾನ ನನಗ ಅಂಜತೈತಿ" ಅಂದೆ ನಾನು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಮ್ಮೆಯಿಂದ ನಕ್ಕೆ ಎಂಬುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕಣ್ಣೊಂದನ್ನು ಬಿಟ್ಟು.

ಕಾಯಿಲೆಯಿಂದ ಎದ್ದವರು ಬರೆದದ್ದನ್ನು ಓದಿದ್ದೇನೆ. ಬಹಳ ಜನ ಕೊನೆಗೆ ಶಾಂತರಾಗಿರುತ್ತಾರೆ. ನಾನು ಆಗಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಸಕ್ಕರೆ ಕಾಯಿಲೆ ಇರುವ ಇನ್ನೊಬ್ಬರು ಎಲ್ಲೋ ಕುಳಿತು ನನ್ನ ಹಾಗೆಯೇ ನಗುತ್ತಿರಬಹುದು.

ನನಗೆ ಸಕ್ಕರೆ ಕಾಯಿಲೆ ಬಂದು ಆಗ ಒಂಬತ್ತು ವರ್ಷವಾಗಿತ್ತು. ಮಾತ್ರೆ ತಪ್ಪಿಸುತ್ತಿರಲಿಲ್ಲ, ಆದರೆ ಗಿರಣಿಯಲ್ಲಿ ಗಿರಾಕಿ ಇದ್ದ ದಿನ ಊಟದ ಹೊತ್ತು ತಪ್ಪುತ್ತಿತ್ತು. ಪಾದಗಳಿಗೆ ಜೋಮು ಹಿಡಿದು ಬಹಳ ದಿನಗಳಾಗಿದ್ದವು. ಚಪ್ಪಲಿ ಕಾಲಿನಿಂದ ಕಳಚಿಬಿದ್ದರೆ ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ನೆಲ ನೋಡಿ ಗೊತ್ತಾಗುತ್ತಿತ್ತು. ಕಾಲು ನೋಡಿಕೊಳ್ಳಿ, ಮೂತ್ರಪಿಂಡ ನೋಡಿಕೊಳ್ಳಿ, ಕಣ್ಣಿನ ಹಿಂದಿನ ಪರದೆ ವರ್ಷಕ್ಕೊಮ್ಮೆ ತೋರಿಸಿ ಎಂದು ಎಲ್ಲರೂ ಹೇಳಿದ್ದರು. ಕಣ್ಣಿನ ಮುಂದಿನ ಗಾಜಿನಂಥ ಪದರಕ್ಕೂ ನರ ಇರುತ್ತವೆ, ಪಾದದ ಹಾಗೆ ಅದಕ್ಕೂ ಜೋಮು ಹಿಡಿಯಬಹುದು ಎಂದು ಒಬ್ಬರೂ ಹೇಳಿರಲಿಲ್ಲ.

ಆ ಬೇಸಿಗೆಯ ನಡುವೆಯೇ ಎಡಗಣ್ಣಿಗೆ ಮಂಜು ಕವಿದಂತಾಯಿತು. ತಕ್ಕಡಿಯ ಅಂಕಿ ಎರಡೆರಡಾಗಿ ಕಾಣುತ್ತಿತ್ತು. ಕನ್ನಡಕ ಬದಲಿಸಿದೆ. ಮಂಜು ಹೋಗಲಿಲ್ಲ. ಕಣ್ಣು ಕೆಂಪಗಾಯಿತು. ಕಾಗದದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ನಮ್ಮ ಮನೆಯವರು ರಜೆ ಹಾಕಿ ಊರಿನ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದರು.

ಅಲ್ಲಿ ಚೀಟಿ ಬರೆಯುವಾಕೆ ಕೇಳಿದಳು, "ನೋವೈತೇನ್ರಿ?"

"ಇಲ್ರಿ."

"ಚುಚ್ಚತೈತಿ? ನೀರು ಸೋರತೈತಿ?"

"ಇಲ್ರಿ. ಮಂಜಾಗೈತಿ, ಅಷ್ಟ."

"ಹಂಗಾದ್ರ ಕೂಡ್ರಿ, ಕರೀತೇವಿ."

ಕುಳಿತೆ. ಕಣ್ಣು ಹಿಡಿದುಕೊಂಡು ಅಯ್ಯೋ ಎನ್ನುತ್ತಾ ಬಂದವರೆಲ್ಲ ನನ್ನ ಮುಂದೆಯೇ ಒಳಗೆ ಹೋದರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ನೋವು ನೋವೇ. ಆದರೆ ಆ ಬೆಂಚಿನ ಮೇಲೆ ಕುಳಿತೇ ನನ್ನ ಕಣ್ಣು ಕೆಡುತ್ತಿತ್ತು. ವೈದ್ಯರು ಪಾಪೆ ಹಿಗ್ಗಿಸುವ ಔಷಧ ಹಾಕಿ ಹಿಂದಿನ ಪರದೆ ನೋಡಿ, "ಪರದಿ ಚಲೋ ಐತಿ. ಧೂಳಿನ ಅಲರ್ಜಿ. ಅಂಜಬ್ಯಾಡ್ರಿ" ಎಂದು ಹನಿಔಷಧ ಬರೆದುಕೊಟ್ಟರು. ಮೂರು ಸಲ ಹೋದೆ. ಮೂರು ಸಲವೂ ಅದೇ ಪ್ರಶ್ನೆ, ಅದೇ ಬೆಂಚು, ಬೇರೆ ಬೇರೆ ಬಣ್ಣದ ಹನಿಔಷಧ. ಕೊನೆಯ ಸಲ, ಮಂಜು ಹೆಚ್ಚಾಗಿದೆ ಎಂದು ದನಿ ಎತ್ತಿ ಹೇಳಿದ್ದಕ್ಕೆ, "ಮೊದಲು ಸಕ್ಕರಿ ಕಡಿಮಿ ಮಾಡ್ಕೋರಿ" ಎಂದರು. ಆ ಮಾತಿಗೆ ಎದುರು ಮಾತಿಲ್ಲ. ಸಕ್ಕರೆ ಕಾಯಿಲೆಯವರ ಬಾಯಿ ಮುಚ್ಚಿಸಲು ಅದಕ್ಕಿಂತ ಸುಲಭದ ಮಾತೂ ಇಲ್ಲ.

ನಮ್ಮ ಮನೆಯವರ ತಂಗಿ ಸಾವಿತ್ರಿ ಹಳಿಯಾಳದಲ್ಲಿದ್ದಾಳೆ. ಸುದ್ದಿ ಕೇಳಿ ಬಂದವಳು ಜೋಯಿಡಾ ಕಾಡಿನ ಜೇನುತುಪ್ಪದ ಬಾಟಲಿ ತಂದಿದ್ದಳು.

"ವೈನಿ, ಒಂದ ಹನಿ ಹಾಕ್ಕೋರಿ. ಭಾಳ ಉರೀತೈತಿ, ಆದ್ರ ಹಲ್ಲು ಕಚ್ಚಿ ತಡಕೋರಿ. ಹೊಲಸೆಲ್ಲಾ ಹೋಗತೈತಿ."

ಹಾಕಿಕೊಂಡೆ. ಸಾವಿತ್ರಿ ನನ್ನ ಎರಡೂ ಕೈ ಗಟ್ಟಿ ಹಿಡಿದುಕೊಂಡು ಕುಳಿತಿದ್ದಳು, ನಾನು ಒದ್ದಾಡುತ್ತೇನೆಂದು. ನಾನು ಅವಳ ಮುಖ ನೋಡುತ್ತಾ ಸುಮ್ಮನೆ ಕುಳಿತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಕೈ ಬಿಟ್ಟು, "ಜೇನು ಕಲಬೆರಕಿ ಕೊಟ್ಟಾನ ನೋಡ್ರಿ, ಸುಳ್ಳ ಮನಷ್ಯಾ" ಎಂದು ಮಾರಿದವನನ್ನು ಬೈದಳು. ಪಾಪ, ಆ ಜೇನು ಅಪ್ಪಟವೇ ಇದ್ದಿರಬೇಕು.

ನನ್ನ ಕಣ್ಣಿನಲ್ಲಿ ಏನೋ ದೊಡ್ಡದು ಕೆಟ್ಟಿದೆ ಎಂದು ಮೊದಲು ಗುರುತಿಸಿದವರು ವೈದ್ಯರಲ್ಲ, ಮೋಟಾರು ರಿಪೇರಿ ಮಾಡುವ ಮೆಹಬೂಬಣ್ಣ. ಗಿರಣಿಯ ಬೆಲ್ಟು ಹರಿದಾಗಲೆಲ್ಲ ಬರುವವರು ಅವರೇ. ಆ ದಿನ ಬೆಲ್ಟು ಕೂಡಿಸಿ ತಲೆ ಎತ್ತಿದವರು ನನ್ನ ಮುಖ ನೋಡಿ ಹಾಗೇ ನಿಂತರು.

"ಅಕ್ಕಾರ, ನಿಮ್ಮ ಕಣ್ಣಾಗ ಏನೋ ಕೂತೈತ್ರಿ."

"ಎಲ್ಲಿ?"

"ಕರಿಗುಡ್ಡಿ ಮ್ಯಾಲೇ ಐತ್ರಿ. ಮೆಣಸಿನಕಾಯಿ ಸಿಪ್ಪಿ ಇದ್ದಂಗ ಐತಿ. ಗೊತ್ತಾಗವಲ್ದೇನ್ರಿ?"

ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡೆ. ಎಡಗಣ್ಣಿನ ಕಪ್ಪು ಭಾಗದ ಮೇಲೆ, ಗಾಜಿಗೆ ಅಂಟಿದ ಹಾಗೆ, ಕೆಂಪು ಸಿಪ್ಪೆಯ ಚೂರೊಂದು ಕುಳಿತಿತ್ತು. ಬೆಳಿಗ್ಗೆಯಿಂದ ಮೆಣಸಿನಕಾಯಿ ಹಾಕಿರಲಿಲ್ಲ. ಅಂದರೆ ಅದು ಹಿಂದಿನ ದಿನದ್ದು. ನಾನು ಅದನ್ನು ಕಣ್ಣಲ್ಲಿಟ್ಟುಕೊಂಡು ಉಂಡಿದ್ದೆ, ಮಲಗಿದ್ದೆ, ಎದ್ದು ರೊಟ್ಟಿ ಬಡಿದಿದ್ದೆ. ಸೆರಗಿನ ತುದಿ ತಿರುವಿ ಅದನ್ನು ತೆಗೆದೆ. ಸೆರಗು ತಾಗಿದ್ದೂ ತಿಳಿಯಲಿಲ್ಲ.

ಮೆಹಬೂಬಣ್ಣ ಎರಡು ಹೆಜ್ಜೆ ಹಿಂದೆ ಸರಿದರು. ನಂತರ ಮೆಲ್ಲಗೆ ಅಂದರು, "ನಮ್ಮ ಅಬ್ಬಾಗೂ ಸಕ್ಕರಿ ಇತ್ತರಿ. ಅಂಗಾಲಾಗ ಮೊಳಿ ಹೊಕ್ಕಿತ್ತು. ಎರಡು ದಿವಸ ಅದರ ಮ್ಯಾಲೇ ಅಡ್ಡಾಡಿದ್ರು, ಗೊತ್ತಾಗಲಿಲ್ಲ. ಆಮ್ಯಾಲೆ ಬೆರಳು ತಗೀಬೇಕಾತು. ನೀವು ಇವತ್ತ ಹುಬ್ಬಳ್ಳಿಗೆ ಹೋಗ್ರಿ. ನಾಳೆ ಅನಬ್ಯಾಡ್ರಿ."

ಕಣ್ಣಿಗೂ ಕಾಲಿಗೂ ಸಂಬಂಧ ಕಟ್ಟಿದ ಮೊದಲ ಮನುಷ್ಯ ಅವರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ್ದು ಸಣ್ಣ ವಯಸ್ಸಿನ ಒಬ್ಬ ವೈದ್ಯೆ. ಅವರು ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ. "ಕಾಲು ಜೋಮು ಹಿಡೀತಾವೇನ್ರಿ?" ಎಂದು ಕೇಳಿದರು. ಹೌದೆಂದೆ. ಅರಳೆಯ ತುದಿಯಿಂದ ಒಂದು ಎಳೆ ಎಳೆದು, ಕೂದಲಷ್ಟು ತೆಳ್ಳಗೆ ಹೊಸೆದರು.

"ಇದನ್ನ ಕಣ್ಣಿಗೆ ಮುಟ್ಟಸ್ತೇನಿ. ದೂರ ನೋಡ್ರಿ. ಮುಟ್ಟಿದ್ದು ಗೊತ್ತಾದ ಕೂಡಲೇ ಹೇಳ್ರಿ."

ನಾನು ದೂರದ ಗೋಡೆ ನೋಡುತ್ತಾ ಕಾಯ್ದೆ. ಅವರ ಕೈ ಮುಖದ ಹತ್ತಿರವೇ ಇತ್ತು. ಹೊತ್ತಾಯಿತು.

"ಮುಟ್ಟಸ್ರಿ, ನಾ ಅಂಜೂದಿಲ್ಲ" ಅಂದೆ.

ಅವರು ಕೈ ಕೆಳಗಿಳಿಸಿದರು. "ಮೂರು ಸಲ ಮುಟ್ಟಿಸಿದೆರಿ."

ನಮ್ಮ ಮನೆಯವರು ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಆ ಎಳೆ ಕಣ್ಣಿಗೆ ತಾಗಿದ್ದನ್ನು ಅವರು ಕಂಡಿದ್ದರು. ನನಗೆ ರೆಪ್ಪೆ ಮಿಟುಕಿಸುವಷ್ಟೂ ಆಗಿರಲಿಲ್ಲ. ಬಲಗಣ್ಣಿಗೆ ಮುಟ್ಟಿಸಿದಾಗ ಸ್ವಲ್ಪ ತಡವಾಗಿ, ಯಾರೋ ಪಕ್ಕದ ಕೋಣೆಯಿಂದ ಕರೆದ ಹಾಗೆ ಗೊತ್ತಾಯಿತು. ಆಮೇಲೆ ಹಳದಿ ಬಣ್ಣ ಹಾಕಿ ನೀಲಿ ದೀಪ ಹಿಡಿದರು. ಎಡಗಣ್ಣಿನಲ್ಲಿ, ನಡುವಿನಿಂದ ಸ್ವಲ್ಪ ಕೆಳಗೆ, ಸಾಸಿವೆ ಕಾಳಿಗಿಂತ ದೊಡ್ಡ ಹುಣ್ಣು ಇತ್ತು. ಮೇಲಿನ ಪದರ ಕಿತ್ತುಹೋಗಿ ವಾರಗಳೇ ಆಗಿದ್ದಿರಬೇಕು ಎಂದರು. ಯಾವ ಯಾವ ಹನಿಔಷಧ ಹಾಕಿದಿರಿ ಎಂದು ಕೇಳಿದಾಗ ಚೀಲ ತೆಗೆದು ಮೇಜಿನ ಮೇಲೆ ಸುರಿದೆ. ಏಳು ಬಾಟಲಿ. ಅವರು ಒಂದೊಂದನ್ನೇ ಎತ್ತಿ ನೋಡಿ ಬದಿಗಿಟ್ಟರು. "ಇವೂ ಅದಕ್ಕ ತ್ರಾಸು ಕೊಟ್ಟಾವರಿ" ಎಂದಷ್ಟೇ ಅಂದರು. ಜೇನಿನ ಸುದ್ದಿ ನಾನು ಹೇಳಲಿಲ್ಲ.

"ನೋವಿಲ್ಲಲ್ಲರಿ ಆಕಿಗೆ?" ಎಂದು ನಮ್ಮ ಮನೆಯವರು ಇನ್ನೂ ನಂಬಲಾರದೆ ಕೇಳಿದರು.

"ನೋವಿದ್ದಿದ್ರ ಚಲೋ ಇತ್ತರಿ ಯಜಮಾನ್ರ. ನೋವಿದ್ದಿದ್ರ ಇವರು ಮೊದಲ ದಿನಾನ ಬರ್ತಿದ್ರು."

ಕಣ್ಣು ಕೆಂಪಾದ ವಾರವೇ ನಾನು ದವಾಖಾನೆಗೆ ಹೋಗಿದ್ದೆ. ಅದನ್ನು ಅಲ್ಲಿ ಜೋರಾಗಿ ಹೇಳಬೇಕೆನಿಸಿತು. ಆದರೆ ಬೈಸಿಕೊಳ್ಳಬೇಕಾದವರು ಆ ವೈದ್ಯೆಯಲ್ಲ. ಹಾಗಾಗಿ ನುಂಗಿಕೊಂಡೆ, ಬಸ್ಸಿನಲ್ಲಿ ಕುಳಿತ ಮೇಲೆ ನಮ್ಮ ಮನೆಯವರ ಮೇಲೆ ಹರಿಹಾಯ್ದೆ. ಅವರೂ ಸುಮ್ಮನಿರಲಿಲ್ಲ. "ದಿನಾ ಚಹಾಕ್ಕ ಸಕ್ಕರಿ ಯಾರು ಹಾಕ್ಕೊಂತಿದ್ರು?" ಎಂದರು. ಧಾರವಾಡದಿಂದ ಹಳಿಯಾಳದವರೆಗೆ ಜಗಳಾಡಿದೆವು. ಹಳಿಯಾಳ ದಾಟಿದ ಮೇಲೆ ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಅಳುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಅವರು ಅಳುವುದನ್ನು ಕಂಡಿದ್ದು ಅವರ ತಾಯಿ ಹೋದಾಗ ಮಾತ್ರ. ಅಳಲಾರದೆ ಕುಳಿತಿದ್ದವಳು ನಾನು. ನನ್ನ ಕಣ್ಣಲ್ಲಿ ನೀರೇ ಇರಲಿಲ್ಲ.

ಗಿರಣಿ ಬಾಗಿಲು ಹಾಕಿದೆವು. ಗಂಟೆಗೊಮ್ಮೆ ಹನಿ, ಮಲಗುವಾಗ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿ ಅಂಟುಪಟ್ಟಿ. ಸಂಬಂಧಿಕರು ನೋಡಲು ಬಂದರು. ಎಲ್ಲರದೂ ಒಂದೇ ಮಾತು: "ನೋವಿಲ್ಲಲ್ಲ? ಪುಣ್ಯಾ ಬಿಡ್ರಿ." ಪುಣ್ಯ! ಕಳ್ಳ ಬಂದರೂ ಬೊಗಳದ ನಾಯಿ ಸಾಕಿದವರ ಪುಣ್ಯ ಅದು. ಎರಡು ವಾರವಾದರೂ ಹುಣ್ಣು ಮಾಯಲಿಲ್ಲ. ಕಣ್ಣಿನ ಮೇಲೆ ಮೆತ್ತನೆಯ ಮಸೂರವೊಂದನ್ನು ಪಟ್ಟಿಯ ಹಾಗೆ ಕೂಡಿಸಿದರು. ಸ್ವಲ್ಪ ಕುಗ್ಗಿತು, ನಿಂತುಬಿಟ್ಟಿತು. ಪ್ರತಿ ಬಾರಿ ನೀಲಿ ದೀಪದ ಮುಂದೆ ಗದ್ದ ಇಟ್ಟು ಕುಳಿತಾಗ ವೈದ್ಯೆಯ ಉಸಿರಿನ ಸದ್ದಿನಿಂದಲೇ ನನಗೆ ಉತ್ತರ ಗೊತ್ತಾಗುತ್ತಿತ್ತು.

ಆಗ ಅವರು ಇನ್ನೊಂದು ದಾರಿ ಹೇಳಿದರು. ನನ್ನದೇ ತೋಳಿನಿಂದ ರಕ್ತ ತೆಗೆದು, ಅದರ ತಿಳಿಯಿಂದ ಕಣ್ಣಿನ ಹನಿ ಮಾಡಿಕೊಡುತ್ತಾರಂತೆ. ಆದರೆ ಅದನ್ನು ಮಂಜುಗಡ್ಡೆಯಲ್ಲೇ ಒಯ್ಯಬೇಕು, ಮನೆಯಲ್ಲಿ ಫ್ರಿಜ್ಜಿನಲ್ಲಿಡಬೇಕು, ಬಿಸಿಯಾದರೆ ಚೆಲ್ಲಬೇಕು. ಪುಟ್ಟ ಬಾಟಲಿಗಳನ್ನು ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಹೊರಟೆವು. ಬಸ್ಸು ಹಳಿಯಾಳಕ್ಕೆ ಬಂದು ಕೆಟ್ಟುನಿಂತಿತು. ಬೇರೆ ಬಸ್ಸಿಗೆ ಕಾಯಿರಿ ಎಂದರು. ಬಿಸಿಲು ಸುಡುತ್ತಿತ್ತು. ಡಬ್ಬಿ ಅಲುಗಾಡಿಸಿದರೆ ಒಳಗೆ ನೀರಿನ ಸದ್ದು.

ನಮ್ಮ ಮನೆಯವರು ತಂಪು ಪಾನೀಯದ ಎರಡು ಅಂಗಡಿ ತಿರುಗಿದರು. ಕರೆಂಟಿರಲಿಲ್ಲ, ಮಂಜುಗಡ್ಡೆ ಇಲ್ಲವೆಂದರು. ಸಾವಿತ್ರಿಯ ಮನೆಯಲ್ಲಿ ಫ್ರಿಜ್ಜೇ ಇರಲಿಲ್ಲ. ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಕರಾವಳಿ ಕಡೆಯ ಹೆಂಗಸೊಬ್ಬಳು ಮೀನು ಮಾರುತ್ತಿದ್ದಳು. ಅವಳ ಬುಟ್ಟಿಯ ಪಕ್ಕದ ಪೆಟ್ಟಿಗೆಯ ತುಂಬ ಪುಡಿ ಮಂಜುಗಡ್ಡೆ ಇತ್ತು. ನಾನು ನಮ್ಮ ಮನೆಯವರ ಮುಖ ನೋಡಿದೆ. ಹಣೆಯ ಮೇಲೆ ಮೂರು ಎಳೆ ವಿಭೂತಿ ಇಲ್ಲದೆ ಹೊಸ್ತಿಲು ದಾಟುವವರಲ್ಲ ಅವರು. ಮೀನಿನ ಸಂತೆ ಬಂದರೆ ರಸ್ತೆಯ ಬದಿ ಬದಲಿಸುವವರು. ಅರೆ ಕ್ಷಣ ನಿಂತರು. ನಂತರ ನೇರ ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತರು.

"ಬಾಯಿ, ಸ್ವಲ್ಪ ಬರ್ಫ ಕೊಡ್ತಿ? ನಮ್ಮ ಮನಿಯಾಕಿ ಕಣ್ಣಿನ ಔಷಧ ಕೆಡಾಕತ್ತೈತಿ."

ಅವಳು ನನ್ನ ಕೆಂಪಗಾದ ಕಣ್ಣು ನೋಡಿದಳು. ಕೊಂಕಣಿಯಲ್ಲಿ ಏನೋ ಗೊಣಗಿಕೊಂಡು, ಮೀನುಗಳನ್ನು ಬದಿಗೆ ಸರಿಸಿ, ಅಡಿಯ ಮಂಜುಗಡ್ಡೆಯನ್ನು ಎರಡೂ ಕೈಯಿಂದ ಬಾಚಿ ಡಬ್ಬಿಗೆ ತುಂಬಿದಳು. "ವಾಸ ಬರ್ತದ ಹಾಂ" ಎಂದು ಮೀನಿನ ನಾತದ ಎಚ್ಚರಿಕೆ ಕೊಟ್ಟಳು. ಬಂತು. ದಾಂಡೇಲಿಯವರೆಗೆ ನಮ್ಮ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ನಮ್ಮ ಮನೆಯವರು ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ವಿಭೂತಿಯ ಹಣೆ ಎತ್ತಿಕೊಂಡು ಕುಳಿತಿದ್ದರು. ಹುಣ್ಣು ಮಾಯಲು ಹಿಡಿದ ಐದು ತಿಂಗಳಲ್ಲಿ ನಾನು ಮನಸಾರೆ ನಕ್ಕ ದಿನ ಅದೊಂದೇ.

ಹನಿಯಿಂದ ಹುಣ್ಣು ಅರ್ಧ ಮುಚ್ಚಿತು. ಪೂರ್ತಿ ಮುಚ್ಚಿತು ಎಂದೂ ಒಂದು ದಿನ ಹೇಳಿದರು. ಸಾವಿತ್ರಿ ಹೋಳಿಗೆ ಮಾಡಿಕೊಂಡು ಬಂದಳು. ನನಗೆ ತಿನ್ನುವಂತಿರಲಿಲ್ಲ, ಉಳಿದವರು ತಿಂದರು. ಹನ್ನೆರಡು ದಿನಕ್ಕೆ ಹುಣ್ಣು ಮತ್ತೆ ತೆರೆದುಕೊಂಡಿತು, ಮೊದಲಿಗಿಂತ ಆಳವಾಗಿ. ಹೀಗೇ ಬಿಟ್ಟರೆ ತೂತು ಬೀಳಬಹುದು, ಆಗ ಕಣ್ಣೇ ಹೋಗುತ್ತದೆ ಎಂದರು ವೈದ್ಯೆ. ಎಡಗಣ್ಣಿನ ಎರಡೂ ರೆಪ್ಪೆಗಳನ್ನು ಹೊರತುದಿಯಿಂದ ಅರ್ಧದವರೆಗೆ ಕೂಡಿಸಿ ಹೊಲಿಯಬೇಕು, ಒಳಗೆ ಕಣ್ಣು ತಂಪಾಗಿರುತ್ತದೆ, ಮಾಯುತ್ತದೆ ಎಂದು ತಿಳಿಸಿದರು.

"ಹೊಲಿಯೂದಂದ್ರ?" ನಮ್ಮ ಮನೆಯವರ ದನಿ ಏರಿತು. "ಕಣ್ಣಂದ್ರ ಗೋಣಿಚೀಲ ಏನ್ರಿ ಹೊಲ್ಯಾಕ?"

"ಹೊಲೀರಿ" ಅಂದೆ ನಾನು. ಯೋಚಿಸಿ ಹೇಳಿದ ಮಾತಲ್ಲ. ಸಾಕಾಗಿಹೋಗಿತ್ತು. ನಾನು ಏನು ಮಾಡಿದರೂ ಆ ಕಣ್ಣು ನನಗೆ ಒಂದು ಮಾತು ಹೇಳುತ್ತಿರಲಿಲ್ಲ. ಮುಚ್ಚಿಯಾದರೂ ಇರಲಿ ಅನ್ನಿಸಿತು.

ಹೊಲಿದರು. ರೆಪ್ಪೆಗೆ ಚುಚ್ಚಿದ ಸೂಜಿ ಮಾತ್ರ ಚೆನ್ನಾಗಿಯೇ ಗೊತ್ತಾಯಿತು. ನೋವಿಗೆ ಕಿರುಚಿದೆ. ವೈದ್ಯೆ ಗಾಬರಿಯಾಗಿ, "ಭಾಳ ನೋವೇನ್ರಿ?" ಎಂದು ಕೇಳಿದರು. ಹೌದು, ಆದರೂ ನಿಲ್ಲಿಸಬೇಡಿ ಎಂದೆ. ಇಷ್ಟು ತಿಂಗಳಲ್ಲಿ ಆ ಪ್ರಶ್ನೆಗೆ ಹೌದೆನ್ನಲು ನನಗೆ ಸಿಕ್ಕ ಒಂದೇ ಅವಕಾಶ ಅದು.

ಅರ್ಧ ಹೊಲಿದ ಕಣ್ಣಿನೊಂದಿಗೆ ಊರಲ್ಲಿ ತಿರುಗುವುದೆಂದರೆ ದಿನಕ್ಕೆ ಹತ್ತು ಜನರಿಗೆ ಕಥೆ ಹೇಳುವುದು. ಗಿರಣಿ ಮತ್ತೆ ತೆರೆದ ಮೇಲೆ ಬಂದ ಮಕ್ಕಳು ಅಮ್ಮನ ಸೆರಗಿನ ಹಿಂದೆ ಅಡಗಿಕೊಳ್ಳುತ್ತಿದ್ದವು. ಮೆಣಸಿನಕಾಯಿ ಕುಟ್ಟುವ ಯಂತ್ರವನ್ನು ಮೆಹಬೂಬಣ್ಣನೇ ಬಿಚ್ಚಿ ಜೋಯಿಡಾ ಕಡೆಯ ರಾಮನಗರದ ಗಿರಣಿಯವರಿಗೆ ಕೊಡಿಸಿದರು. ಟೆಂಪೋಗೆ ಏರಿಸುವಾಗ ನಾನು ಒಳಗೆ ಹೋಗಿ ಕುಳಿತೆ. ಈಗ ಜೋಳ, ಗೋಧಿ, ಅಕ್ಕಿ ಅಷ್ಟೇ ಬೀಸುತ್ತೇನೆ, ಅದೂ ಸುತ್ತ ಮುಚ್ಚಿದ ಕನ್ನಡಕ ಹಾಕಿಕೊಂಡು. ಖಾರಕ್ಕೆ ಬರುತ್ತಿದ್ದ ಗಿರಾಕಿಗಳು ಹಿಟ್ಟಿಗೂ ಬೇರೆ ಕಡೆ ಹೋದರು.

ಹುಣ್ಣು ಮಾಯ್ದಿದೆ. ಅದರ ಜಾಗದಲ್ಲಿ ಬಿಳಿ ಕಲೆ ಉಳಿದಿದೆ, ಅದರಾಚೆಗೆ ಎಲ್ಲವೂ ಬೆಳಗಿನ ಇಬ್ಬನಿ. ಹೊಲಿಗೆ ಸ್ವಲ್ಪ ಬಿಚ್ಚಿದ್ದಾರೆ, ಪೂರ್ತಿ ಬಿಚ್ಚಿಲ್ಲ. ಸಕ್ಕರೆ ಹಿಡಿತದಲ್ಲಿದೆ. ನರ ಮರಳಿ ಬರುತ್ತವೆಯೇ ಎಂದು ಪ್ರತಿ ಸಲವೂ ಕೇಳುತ್ತೇನೆ. "ಬಂದ್ರೂ ನಿಧಾನ ಬರ್ತಾವರಿ, ಖಾತ್ರಿ ಹೇಳಾಕ ಬರೂದಿಲ್ಲ" ಎಂದು ಪ್ರತಿ ಸಲವೂ ಹೇಳುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎರಡೂ ಕಣ್ಣುಗಳನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ. ತಾನಾಗಿ ಹೇಳದ ಕಣ್ಣನ್ನು ನಾನೇ ಹೋಗಿ ವಿಚಾರಿಸಬೇಕು. ಇದರಲ್ಲಿ ದೊಡ್ಡತನವೇನಿಲ್ಲ. ಬೇಸರ ಬರುವ ಕೆಲಸ, ಮಾಡುತ್ತೇನೆ.

ಹೋದ ತಿಂಗಳು ತಪಾಸಣೆಗೆ ಹುಬ್ಬಳ್ಳಿಗೆ ಹೋಗಿದ್ದೆ. ನನ್ನ ಚೀಟಿ ಹದಿನಾಲ್ಕನೆಯದು. ಪಕ್ಕದಲ್ಲಿ ಮುಂಡಗೋಡದ ಟಿಬೆಟನ್ ಕಾಲೊನಿಯ ಒಬ್ಬ ಅಮ್ಮ ಬಂದು ಕುಳಿತರು. ಅರವತ್ತು ದಾಟಿದ್ದಿರಬಹುದು, ಕೈಯಲ್ಲಿ ಜಪಮಣಿ. ಬಲಗಣ್ಣು ಕೆಂಪಗೆ ಕೆಂಡದಂತಿತ್ತು, ಆದರೆ ಅವರು ನಿರಾಳವಾಗಿ ಕುಳಿತಿದ್ದರು. ಆ ನಿರಾಳವನ್ನು ನೋಡಿಯೇ ನಾನು ಅವರ ಕಡೆ ಸರಿದು ಕುಳಿತೆ.

"ಸಕ್ಕರಿ ಐತೇನ್ರಿ ನಿಮಗ?" ಎಂದು ಕೇಳಿದೆ.

"ಹೌದು, ಹದಿನೈದು ವರ್ಷ ಆಯ್ತು" ಎಂದು ನಿಧಾನದ ಕನ್ನಡದಲ್ಲಿ ಹೇಳಿದರು. "ಆದ್ರೆ ಕಣ್ಣು ನೋವಿಲ್ಲ. ಸುಮ್ನೆ ಕೆಂಪು. ಮಗಳು ಹೋಗು ಹೋಗು ಅಂದ್ಲು, ಬಂದೆ."

ಅವರ ಚೀಟಿ ಅರವತ್ತೊಂದು. ನಾನು ಎದ್ದು ಚೀಟಿಯ ಮೇಜಿಗೆ ಹೋದೆ.

"ಅವರನ್ನ ಮೊದಲ ಒಳಗ ಕಳಸ್ರಿ. ಸಕ್ಕರಿ ಐತಿ, ಕಣ್ಣು ಕೆಂಪಾಗೈತಿ, ನೋವಿಲ್ಲ."

"ನೋವಿಲ್ಲಂದ್ರ ಅರ್ಜೆಂಟ್ ಏನೈತ್ರಿ ಅಕ್ಕಾರ? ಎಲ್ಲಾರೂ ಪಾಳಿ ಪ್ರಕಾರಾನ ಹೋಗಬೇಕು."

"ನೋವಿಲ್ಲಂತನ ಅರ್ಜೆಂಟ್ ಐತಿ!" ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಇಡೀ ಕೋಣೆ ತಿರುಗಿ ನೋಡಿತು. ನಮ್ಮ ಮನೆಯವರು ಬಂದು ತೋಳು ಹಿಡಿದರು. ಮೇಜಿನಾಕೆ, "ನೀವು ಅವರಿಗೆ ಏನಾಗಬೇಕ್ರಿ?" ಎಂದು ಕೇಳಿದಳು. ಏನೂ ಆಗಬೇಕಿಲ್ಲ ಎಂದೆ. ಮರಳಿ ಬಂದು ನನ್ನ ಹದಿನಾಲ್ಕರ ಚೀಟಿ ಆ ಅಮ್ಮನ ಕೈಗಿಟ್ಟು ಅವರ ಅರವತ್ತೊಂದನ್ನು ಇಸಿದುಕೊಂಡೆ. ಅವರು ಬೇಡ ಬೇಡ ಎನ್ನುವಷ್ಟರಲ್ಲಿ ಹದಿನಾಲ್ಕು ಎಂದು ಕೂಗಿದರು. ನಾನೇ ಎಬ್ಬಿಸಿ ಬಾಗಿಲವರೆಗೆ ಬಿಟ್ಟುಬಂದೆ.

"ದಾಂಡೇಲಿ ಬಸ್ಸು ತಪ್ಪಿತು" ಎಂದರು ನಮ್ಮ ಮನೆಯವರು.

ಆ ಅಮ್ಮ ಹೊರಗೆ ಬಂದದ್ದು ಬಹಳ ಹೊತ್ತಿನ ಮೇಲೆ. ಕಣ್ಣಿಗೆ ಪಟ್ಟಿ ಕಟ್ಟಿತ್ತು. ನನ್ನ ಪಕ್ಕ ಕುಳಿತು ಜಪಮಣಿಯನ್ನು ಕೈಗೆ ಸುತ್ತಿಕೊಂಡರು. ಆಮೇಲೆ ಹೇಳಿದರು, "ಹುಣ್ಣು ಇದೆ ಅಂತ. ಸಣ್ಣದು. ಬೇಗ ಬಂದ್ರಿ, ಔಷಧದಲ್ಲೇ ಮಾಯಬಹುದು ಅಂದ್ರು." ಪಟ್ಟಿಯಿಲ್ಲದ ಕಣ್ಣಿನಿಂದ ನನ್ನನ್ನೇ ನೋಡಿದರು. "ನಿಮಗೆ ಹೇಗೆ ಗೊತ್ತಾಯ್ತು? ಯಾರು ಹೇಳಿದ್ರು?"

"ಯಾರೂ ಹೇಳಲಿಲ್ರಿ" ಅಂದೆ. "ಯಾರೂ ಹೇಳಲಿಲ್ಲ."